ಕುಲಪತಿ ಪೀಠಕ್ಕೆ ಬಂದ ಇತಿಹಾಸಕಾರರಿಗೆ ಕಾಸರಗೋಡಿನಿಂದ ಒಂದು ಬಹಿರಂಗ ಪತ್ರ

ಇವರಿಗೆ,
ಕರ್ನಾಟಕ ಮತ್ತು ಕೇರಳದ ವಿಶ್ವವಿದ್ಯಾನಿಲಯಗಳಲ್ಲಿ ಕುಲಪತಿ, ಕುಲಸಚಿವ, ಡೀನ್, ಪ್ರಾಂಶುಪಾಲ ಹುದ್ದೆಗಳಲ್ಲಿರುವ ಇತಿಹಾಸ ಪ್ರಾಧ್ಯಾಪಕರಿಗೆ

ಮಾನ್ಯರೇ,

ಸಾದರ ವಂದನೆಗಳು.

ನಾನು ಕಾಸರಗೋಡು ಜಿಲ್ಲೆಯ ಕುಂಬಳೆ ಸೀಮೆಯವನು. ಕನ್ನಡ ಮಾಧ್ಯಮದ ಪ್ರೌಢಶಾಲೆಯಲ್ಲಿ ಇತಿಹಾಸ ಪಾಠ ಮಾಡಿ ನಿವೃತ್ತನಾದವನು. ನಿಮ್ಮಲ್ಲಿ ಯಾರೊಬ್ಬರ ಹೆಸರನ್ನೂ ಹಿಡಿಯದೆ ಎಲ್ಲರನ್ನೂ ಒಟ್ಟಿಗೆ ಉದ್ದೇಶಿಸಿ ಬರೆಯುತ್ತಿದ್ದೇನೆ. ಇತಿಹಾಸ ಓದಿ, ಇತಿಹಾಸ ಕಲಿಸಿ, ಇತಿಹಾಸ ಬರೆದು ಕೊನೆಗೆ ಆಡಳಿತದ ಕುರ್ಚಿಗೆ ಬಂದ ವಿದ್ವಾಂಸರಿಂದ ನಮ್ಮ ಗಡಿನಾಡಿಗೆ ಆಗಬೇಕಾಗಿದ್ದ ಒಂದು ಕೆಲಸ ಆಗದೆ ಉಳಿದಿದೆ. ಆ ಕೆಲಸ ಯಾವುದು, ಅದನ್ನು ಬೇರೆ ಯಾರನ್ನೂ ಕೇಳದೆ ನಿಮ್ಮನ್ನೇ ಏಕೆ ಕೇಳುತ್ತಿದ್ದೇನೆ ಎಂಬುದನ್ನು ತಾಳ್ಮೆಯಿಂದ ಓದಬೇಕೆಂದು ವಿನಂತಿ.

ಚಂದ್ರಗಿರಿ ಹೊಳೆಯ ಆಚೀಚೆ, ಮಂಜೇಶ್ವರದಿಂದ ಬೇಕಲದವರೆಗೆ, ಹಳೆಯ ಮನೆಗಳ ಅಟ್ಟದಲ್ಲಿ, ದೇವಸ್ಥಾನದ ಪೆಟ್ಟಿಗೆಗಳಲ್ಲಿ, ಶಾಲೆಗಳ ಬೀರುಗಳಲ್ಲಿ ಕನ್ನಡ ಲಿಪಿಯ ಕಡತಗಳು, ತುಳು ಲಿಪಿಯ ಓಲೆಗರಿಗಳು, ಗೇಣಿ ಕರಾರುಗಳು, ಲೆಕ್ಕದ ಪುಸ್ತಕಗಳು ಉಳಿದುಕೊಂಡಿವೆ. ಅವುಗಳನ್ನು ಓದಬಲ್ಲ ಹಿರಿಯರು ಒಬ್ಬೊಬ್ಬರಾಗಿ ತೀರಿಕೊಳ್ಳುತ್ತಿದ್ದಾರೆ. ಮನೆಗಳು ಪಾಲಾಗುತ್ತಿವೆ, ಹಳೆಯ ಚಾವಡಿಗಳು ಬಿದ್ದು ಕಾಂಕ್ರೀಟಿನ ಮನೆಗಳು ಏಳುತ್ತಿವೆ. ಒಂದು ಹಳೆಯ ಕಾಗದ ಕೈಗೆ ಬಂದರೆ ಅದರ ಬೆಲೆ ಏನೆಂದು ಯಾರೂ ಬಿಡಿಸಿ ಹೇಳಬೇಕಾಗಿಲ್ಲದ ಆಡಳಿತಗಾರರು ಎಂದರೆ ನೀವು. ಸಹಿ ಹಾಕುವ ಅಧಿಕಾರ ಇರುವವರೂ ನೀವೇ. ಈ ಎರಡೂ ಒಬ್ಬರಲ್ಲೇ ಸೇರುವುದು ಅಪರೂಪ. ಆದ್ದರಿಂದ ನಿಮಗೆ ಈ ಪತ್ರ.

ಇತಿಹಾಸಕಾರನೊಬ್ಬ ಕುಲಪತಿಯಾದರೆ ಏನು ಮಾಡಬಹುದು ಎಂಬ ಪ್ರಶ್ನೆಗೆ ನಮ್ಮ ಕರಾವಳಿಯಲ್ಲೇ ಒಂದು ಉತ್ತರವಿದೆ. ಪ್ರೊಫೆಸರ್ ಬಿ. ಶೇಖ್ ಅಲಿಯವರ ಜೀವನ ಅದು. ಮೈಸೂರು ವಿಶ್ವವಿದ್ಯಾನಿಲಯದಲ್ಲಿ ಇತಿಹಾಸ ಕಲಿಸುತ್ತಿದ್ದ ಅವರು ಅಲಿಗಢದಲ್ಲಿ ಒಂದು, ಲಂಡನ್ನಿನಲ್ಲಿ ಇನ್ನೊಂದು ಡಾಕ್ಟರೇಟ್ ಪಡೆದವರು. ಹೈದರಾಲಿಗೂ ಇಂಗ್ಲಿಷರಿಗೂ ಇದ್ದ ಸಂಬಂಧದ ಕುರಿತ ಅವರ ಗ್ರಂಥ ಪ್ರಕಟವಾದದ್ದು 1963ರಲ್ಲಿ. ಪಶ್ಚಿಮ ಗಂಗರ ಇತಿಹಾಸವನ್ನು 1976ರಲ್ಲಿ ಕೊಟ್ಟರು. ಇತಿಹಾಸ ಬರೆಯುವುದು ಹೇಗೆ, ಆಕರವನ್ನು ಪರೀಕ್ಷಿಸುವುದು ಹೇಗೆ ಎಂಬುದನ್ನು ಹೇಳುವ ಅವರ ಪಠ್ಯ 1978ರಲ್ಲಿ ಬಂತು. ನನ್ನ ತಲೆಮಾರಿನಲ್ಲಿ ಇತಿಹಾಸ ಎಂ.ಎ. ಮಾಡಿದವರಿಗೆ ಆ ಪುಸ್ತಕದ ಪರಿಚಯ ಮಾಡಿಕೊಡಬೇಕಾಗಿಲ್ಲ.

ಬರವಣಿಗೆಯ ಇಂಥ ಹದ ಬಂದ ಹೊತ್ತಿನಲ್ಲಿ ಅವರಿಗೆ ಹೊಸ ಹೊಣೆ ಬಂತು. 1980ರ ಸೆಪ್ಟೆಂಬರ್ 10ರಂದು ಮಂಗಳೂರು ವಿಶ್ವವಿದ್ಯಾನಿಲಯ ಹುಟ್ಟಿತು. ಅದಕ್ಕೆ ಮೊದಲು ಮೈಸೂರು ವಿಶ್ವವಿದ್ಯಾನಿಲಯದ ಸ್ನಾತಕೋತ್ತರ ಕೇಂದ್ರವೊಂದು 1968ರಿಂದ ಅಲ್ಲಿತ್ತು. ಆ ಕೇಂದ್ರವನ್ನು ಒಂದು ಪೂರ್ಣ ವಿಶ್ವವಿದ್ಯಾನಿಲಯವಾಗಿ ನಿಲ್ಲಿಸುವ ಕೆಲಸ ಮೊದಲ ಕುಲಪತಿಯಾದ ಶೇಖ್ ಅಲಿಯವರದ್ದಾಯಿತು. ಹೊಸ ವಿಶ್ವವಿದ್ಯಾನಿಲಯ ಎಂದರೆ ಬರೀ ಕಟ್ಟಡಗಳ ಕೆಲಸವಲ್ಲ ಎಂಬುದು ನಿಮಗೆ ನನಗಿಂತ ಚೆನ್ನಾಗಿ ಗೊತ್ತು. ಕಾಲೇಜುಗಳ ಸಂಯೋಜನೆ, ಪಠ್ಯಕ್ರಮ, ಪರೀಕ್ಷೆ, ನೇಮಕಾತಿ, ಆಡಳಿತ ಮಂಡಳಿಯಾದ ಸಿಂಡಿಕೇಟಿನ ಸಭೆಗಳು, ಸರಕಾರದ ಕದ ತಟ್ಟುವ ಕೆಲಸ, ಇವೆಲ್ಲ ಮೊದಲ ದಿನದಿಂದಲೇ ಶುರುವಾಗುತ್ತವೆ. ಮಂಗಳೂರಿನ ಹೊರಗೆ, ವಿಶ್ವವಿದ್ಯಾನಿಲಯ ಇರುವ ಕೊಣಾಜೆಯ ಗುಡ್ಡದ ಮೇಲೆ ಇವೆಲ್ಲ ಆಗಬೇಕಿತ್ತು.

ಅವರು ಕಟ್ಟಿದ ಸಂಸ್ಥೆಯ ಪ್ರಯೋಜನ ಗಡಿಯ ಈಚೆಯವರಾದ ನಮಗೂ ಸಿಕ್ಕಿದೆ. ಕಾಸರಗೋಡಿನ ಮಕ್ಕಳು ಮಂಗಳೂರು ಬಸ್ಸು ಹತ್ತಿ, ತಲಪಾಡಿ ದಾಟಿ, ತೊಕ್ಕೊಟ್ಟಿನಲ್ಲಿ ಇಳಿದು ಕೊಣಾಜೆಗೆ ಇನ್ನೊಂದು ಬಸ್ಸು ಹಿಡಿಯುತ್ತಾರೆ. ನನ್ನ ಶಿಷ್ಯರಲ್ಲಿ ಹಲವರು ಆ ದಾರಿಯಲ್ಲಿ ಹೋಗಿ ಕನ್ನಡದಲ್ಲಿ, ಇತಿಹಾಸದಲ್ಲಿ, ವಿಜ್ಞಾನದಲ್ಲಿ ಎಂ.ಎ., ಎಂ.ಎಸ್ಸಿ. ಮಾಡಿ ಬಂದಿದ್ದಾರೆ. ಅಲ್ಲಿನ ಇತಿಹಾಸ ವಿಭಾಗದಲ್ಲಿ ತುಳುನಾಡಿನ ಇತಿಹಾಸವನ್ನು ಬಲ್ಲ ಬಿ. ಸುರೇಂದ್ರ ರಾವ್ ಇದ್ದರು. ಕೇರಳದ ದೇವಾಲಯ, ಬ್ರಾಹ್ಮಣ ಗ್ರಾಮಗಳ ಕುರಿತು ಆಳವಾಗಿ ಬರೆದ ಕೇಶವನ್ ವೆಳುತ್ತಾಟ್ ಕೂಡ ಅಲ್ಲೇ ಬಹುಕಾಲ ಪಾಠ ಮಾಡಿದರು. ಕನ್ನಡ ಕರಾವಳಿಯನ್ನೂ ಕೇರಳವನ್ನೂ ಬಲ್ಲ ವಿದ್ವಾಂಸರು ಒಂದೇ ವಿಭಾಗದ ಓಣಿಯಲ್ಲಿ ಎದುರುಬದುರಾಗುತ್ತಿದ್ದರು. ನಮ್ಮಂಥ ಊರಿನ ಇತಿಹಾಸ ಬರೆಯಲು ಬೇಕಾದದ್ದು ಅಂಥದ್ದೇ ಜಾಗ.

1985ರಲ್ಲಿ ಗೋವಾ ವಿಶ್ವವಿದ್ಯಾನಿಲಯ ಸ್ಥಾಪನೆಯಾದಾಗ ಅಲ್ಲಿಗೂ ಮೊದಲ ಕುಲಪತಿಯಾಗಿ ಹೋದವರು ಶೇಖ್ ಅಲಿಯವರೇ. ಅಲ್ಲಿಯೂ ಮುಂಬಯಿ ವಿಶ್ವವಿದ್ಯಾನಿಲಯದ ಒಂದು ಸ್ನಾತಕೋತ್ತರ ಕೇಂದ್ರ ಇತ್ತು. ಅದನ್ನು ತೆಗೆದುಕೊಂಡು ಮತ್ತೆ ಬುಡದಿಂದ ಕಟ್ಟಬೇಕಾಯಿತು. ನಾನು ಈ ಪತ್ರದಲ್ಲಿ ಮುಖ್ಯವಾಗಿ ಹೇಳಬೇಕೆಂದಿರುವುದು ಆ ಗೋವಾದ್ದೇ ಒಂದು ಸಂಗತಿ. ಗೋವಾ ಬಿಡುಗಡೆಯಾದದ್ದು 1961ರ ಡಿಸೆಂಬರಿನಲ್ಲಿ. ಅದಕ್ಕೆ ಇಪ್ಪತ್ತೈದು ವರ್ಷ ತುಂಬುವ 1986ರಲ್ಲಿ, ಆ ಹೋರಾಟದ ಕುರಿತ ವಿಮರ್ಶೆ ಹಾಗೂ ನೆನಪುಗಳನ್ನು ಒಟ್ಟುಗೂಡಿಸಿದ ಒಂದು ಗ್ರಂಥವನ್ನು ಗೋವಾ ವಿಶ್ವವಿದ್ಯಾನಿಲಯ ಪ್ರಕಟಿಸಿತು. ಸಂಪಾದಕರು ಕುಲಪತಿ ಶೇಖ್ ಅಲಿ. ಆಗಷ್ಟೇ ಹುಟ್ಟಿದ ಸಂಸ್ಥೆ. ಮೇಜಿನ ಮೇಲೆ ನೂರು ಕಡತ ಬಿದ್ದಿರುತ್ತವೆ. ಅದರ ನಡುವೆಯೂ, ಹೋರಾಟ ಮಾಡಿದವರು ಬದುಕಿರುವಾಗಲೇ ಅವರ ಮಾತನ್ನು ದಾಖಲಿಸಬೇಕು ಎಂದು ಅನ್ನಿಸಿದ್ದು ಒಬ್ಬ ಇತಿಹಾಸಕಾರನಿಗೆ. ಅವರ ಜಾಗದಲ್ಲಿ ಬೇರೆ ವಿಷಯದ ಸಮರ್ಥ ಆಡಳಿತಗಾರರು ಇದ್ದಿದ್ದರೆ ಕಟ್ಟಡ ಏಳುತ್ತಿತ್ತು, ಪರೀಕ್ಷೆ ನಡೆಯುತ್ತಿತ್ತು. ಆ ಪುಸ್ತಕ ಬರುತ್ತಿತ್ತೆಂದು ನನಗೆ ಅನ್ನಿಸುವುದಿಲ್ಲ.

ಆಡಳಿತದಿಂದಾಗಿ ಅವರ ಸಂಶೋಧನೆಗೆ ನಷ್ಟವೇ ಆಗಲಿಲ್ಲ ಎಂದು ನಾನು ಹೇಳುವುದಿಲ್ಲ. ಎರಡು ವಿಶ್ವವಿದ್ಯಾನಿಲಯಗಳನ್ನು ಕಟ್ಟಿದ ವರ್ಷಗಳು ಪತ್ರಾಗಾರದಲ್ಲಿ ಕೂರಬೇಕಾದ ವರ್ಷಗಳೂ ಆಗಿದ್ದವು. ಟಿಪ್ಪು, ಹೈದರ್ ಕುರಿತ ಅವರ ನಿಲುವುಗಳನ್ನು ಒಪ್ಪದ ಓದುಗರೂ ಇದ್ದಾರೆ. ಅದು ವಿದ್ವಾಂಸರ ನಡುವೆ ಇರಬೇಕಾದ ಚರ್ಚೆಯೇ. ಆದರೆ ಇತಿಹಾಸಕಾರನೆಂಬ ಗುರುತನ್ನು ಅವರು ಕುಲಪತಿಯ ಕೋಣೆಯ ಹೊರಗೆ ಬಿಟ್ಟು ಒಳಗೆ ಹೋಗಲಿಲ್ಲ. 2022ರ ಸೆಪ್ಟೆಂಬರಿನಲ್ಲಿ ಮೈಸೂರಿನಲ್ಲಿ ಅವರು ತೀರಿಕೊಂಡಾಗ ಪತ್ರಿಕೆಗಳು ಅವರನ್ನು ಮೊದಲು ಇತಿಹಾಸಕಾರ ಎಂದೇ ಕರೆದವು.

ಅವರೊಬ್ಬರೇ ಅಲ್ಲ. ಕಲ್ಯಾಣಪುರದ ಮಿಲಾಗ್ರಿಸ್ ಕಾಲೇಜಿನ ಪ್ರಾಂಶುಪಾಲರಾಗಿದ್ದ ಪಾದೂರು ಗುರುರಾಜ ಭಟ್ಟರು ಕಾಲೇಜಿನ ಹೊಣೆಯ ಜೊತೆಗೇ ತುಳುನಾಡಿನ ದೇವಸ್ಥಾನಗಳನ್ನು ಸುತ್ತಿ, ಮೂರ್ತಿಗಳನ್ನು ನೋಡಿ, ಶಾಸನ ಓದಿ ದೊಡ್ಡ ಗ್ರಂಥವನ್ನು 1975ರಲ್ಲಿ ಹೊರತಂದರು. ಕೆಲವೇ ವರ್ಷಗಳಲ್ಲಿ ತೀರಿಕೊಂಡರು. ಇಂದಿಗೂ ನಮ್ಮ ಊರಿನ ಯಾವುದಾದರೂ ಒಂದು ವಿಗ್ರಹದ ಕಾಲ ಎಷ್ಟೆಂದು ಕೇಳಿದರೆ ನಾವು ಮೊದಲು ಬಿಚ್ಚಿ ನೋಡುವುದು ಅವರ ಪುಟಗಳನ್ನೇ. ಹಂಪಿಯ ಕನ್ನಡ ವಿಶ್ವವಿದ್ಯಾಲಯದ ಕುಲಪತಿಯಾಗಿದ್ದ ಎಂ.ಎಂ. ಕಲಬುರ್ಗಿಯವರು ಶಾಸನದ ವಿದ್ವಾಂಸರು. ಆ ವಿಶ್ವವಿದ್ಯಾಲಯ ಜಿಲ್ಲೆ ಜಿಲ್ಲೆಗಳ ಶಾಸನ ಸಂಪುಟಗಳನ್ನು ಪ್ರಕಟಿಸಿದೆ. ಕೇರಳದ ಕಡೆ, ಕ್ಯಾಲಿಕಟ್ ವಿಶ್ವವಿದ್ಯಾನಿಲಯದ ಕುಲಪತಿಯಾಗಿದ್ದ ಕೆ.ಕೆ.ಎನ್. ಕುರುಪ್ ಅವರು ಕಣ್ಣೂರಿನ ಅಲಿರಾಜರ ಕುರಿತು, ತಲಶ್ಶೇರಿಯಲ್ಲಿದ್ದ ಇಂಗ್ಲಿಷ್ ಕಂಪೆನಿಯ ವ್ಯಾಪಾರ ಕೋಠಿಯ ಕುರಿತು ಬರೆದವರು. 1941ರ ಕಯ್ಯೂರು ರೈತ ಹೋರಾಟದ ಕುರಿತೂ ಅವರದ್ದೊಂದು ಅಧ್ಯಯನವಿದೆ. ಕಯ್ಯೂರು ಇರುವುದು ಈಗ ನಮ್ಮ ಜಿಲ್ಲೆಯಲ್ಲೇ. ಮಂಜೇಶ್ವರದ ಗೋವಿಂದ ಪೈಗಳು ಯಾವ ಹುದ್ದೆಯನ್ನೂ ಹಿಡಿದವರಲ್ಲ, ತಮ್ಮ ಮನೆಯ ಪುಸ್ತಕದ ಕೋಣೆಯಲ್ಲಿ ಕೂತು ಇತಿಹಾಸ ಸಂಶೋಧನೆ ಮಾಡಿದರು. ಆದರೆ ಎಲ್ಲರೂ ಪೈಗಳಾಗಲು ಆಗುವುದಿಲ್ಲವಲ್ಲ. ಸಂಸ್ಥೆ ಬೇಕಾಗುತ್ತದೆ, ಸಂಸ್ಥೆಯನ್ನು ನಡೆಸುವ ಇತಿಹಾಸಕಾರನೂ ಬೇಕಾಗುತ್ತಾನೆ.

ಇನ್ನು ನಾನು ಕಣ್ಣಾರೆ ಕಂಡದ್ದನ್ನು ಹೇಳುತ್ತೇನೆ.

ಮಂಜೇಶ್ವರ ತಾಲೂಕಿನ ಒಳಗಿನ ಒಂದು ಗುತ್ತಿನ ಮನೆ, ಎಂದರೆ ಊರಿನ ಹಳೆಯ ದೊಡ್ಡ ಮನೆತನದ ಮನೆ. ಪಾಲು ಆಗಿ, ಹಳೆಯ ಮನೆಯನ್ನು ಕೆಡವುವುದೆಂದು ತೀರ್ಮಾನವಾಗಿತ್ತು. ಆ ಮನೆಯ ಹುಡುಗ ನನ್ನ ಹಳೆಯ ವಿದ್ಯಾರ್ಥಿ. ಫೋನ್ ಮಾಡಿ, "ಮಾಸ್ಟ್ರೇ, ಅಟ್ಟದಲ್ಲಿ ಎಂತದೋ ಓಲೆಯ ಕಟ್ಟುಗಳುಂಟು. ನಮಗೆ ಯಾರಿಗೂ ಓದಲಿಕ್ಕೆ ಬರುವುದಿಲ್ಲ, ಬಿಸಾಡಲಿಕ್ಕೆ ಮನಸ್ಸೂ ಬರುವುದಿಲ್ಲ. ನೀವೊಮ್ಮೆ ಬಂದು ನೋಡಿದರೆ ಆಗಬಹುದಾ?" ಎಂದ. ಹೋದೆ. ಓಲೆಗಳನ್ನು ಅಡಿಕೆ ಹಾಳೆಯಲ್ಲಿ ಸುತ್ತಿ ಕಟ್ಟಿಟ್ಟಿದ್ದರು. ದಾರ ಕೊಳೆತು ಹೋಗಿತ್ತು. ಕೆಳಗಿನ ಕಟ್ಟಿಗೆ ಒರಲೆ ಹಿಡಿದು ಅದು ಮಣ್ಣಿನ ಮುದ್ದೆಯಾಗಿತ್ತು. ಮೇಲಿನವು ಒಂದಕ್ಕೊಂದು ಅಂಟಿಕೊಂಡಿದ್ದರೂ ಅಂಚಿನಲ್ಲಿ ಅಕ್ಷರ ಸ್ಪಷ್ಟವಾಗಿ ಕಾಣುತ್ತಿತ್ತು. ತುಳು ಲಿಪಿ. ಅದರ ಪಕ್ಕದಲ್ಲಿ ಒಂದು ತಗಡಿನ ಡಬ್ಬಿಯಲ್ಲಿ ಮದರಾಸು ಕಾಲದ ಛಾಪಾ ಕಾಗದಗಳಿದ್ದವು. ಮೂಲಗೇಣಿಯ, ಎಂದರೆ ಶಾಶ್ವತ ಗೇಣಿಯ, ಕರಾರು. ವರ್ಷಕ್ಕೆ ಇಷ್ಟು ಮುಡಿ ಅಕ್ಕಿ, ಇಷ್ಟು ತೆಂಗಿನಕಾಯಿ, ಸೋಣ ತಿಂಗಳಲ್ಲಿ ಒಂದು ಬಾಳೆಗೊನೆ, ಭೂತದ ಕೋಲದ ದಿನ ಇಂಥಿಂಥ ಸೇವೆ ಎಂದು ಕನ್ನಡದಲ್ಲಿ ಬರೆದಿತ್ತು. ಕೆಳಗೆ ಸಾಕ್ಷಿ ಹಾಕಿದವರಲ್ಲಿ ಒಬ್ಬರು ಕನ್ನಡದಲ್ಲಿ, ಒಬ್ಬರು ಮಲೆಯಾಳದಲ್ಲಿ ರುಜು ಮಾಡಿದ್ದರು, ಮೂರನೆಯವರದ್ದು ಹೆಬ್ಬೆಟ್ಟು. ನಮ್ಮ ಊರಿನಲ್ಲಿ ಜನ ಹೇಗೆ ಬಾಳಿದರು, ಯಾರು ಯಾರಿಗೆ ಏನು ಕೊಡಬೇಕಿತ್ತು, ಯಾವ ಭಾಷೆಯವರು ಯಾರ ಪಕ್ಕದಲ್ಲಿ ಕೂತು ಸಾಕ್ಷಿ ಹೇಳಿದರು ಎಂಬುದೆಲ್ಲ ಆ ಒಂದು ಹಾಳೆಯಲ್ಲಿತ್ತು.

ನಾನು ಗಡಿಯ ಆಚೆಯ ಒಂದು ವಿಭಾಗಕ್ಕೆ ವಿಷಯ ತಿಳಿಸಿದೆ. ಮಾತು ಸೌಜನ್ಯದಿಂದಲೇ ಇತ್ತು: ಸಂಗತಿ ಮಹತ್ವದ್ದು, ಆದರೆ ಕಾಸರಗೋಡು ನಮ್ಮ ವ್ಯಾಪ್ತಿಗೆ ಬರುವುದಿಲ್ಲ, ಹೊರರಾಜ್ಯದ ಕ್ಷೇತ್ರಕಾರ್ಯಕ್ಕೆ ಮಂಜೂರಾತಿ ಸಿಗುವುದು ಕಷ್ಟ. ಈಚೆಯ ಒಂದು ವಿಭಾಗವನ್ನು ಕೇಳಿದೆ. ಅಲ್ಲಿಯೂ ಸೌಜನ್ಯಕ್ಕೆ ಕಡಿಮೆಯಿರಲಿಲ್ಲ: ಕನ್ನಡದ ಹಳೆಯ ಕೈಬರಹ, ತುಳು ಲಿಪಿ ಓದುವವರು ನಮ್ಮಲ್ಲಿ ಇಲ್ಲ, ಕರ್ನಾಟಕದವರನ್ನು ಕೇಳುವುದು ಒಳ್ಳೆಯದು. ಕೊನೆಗೆ ದೂರದ ಸಂಸ್ಥೆಯೊಂದರ ಉನ್ನತ ಹುದ್ದೆಯಲ್ಲಿದ್ದ ಇತಿಹಾಸ ವಿದ್ವಾಂಸರೊಬ್ಬರಿಗೆ ಪತ್ರ ಬರೆದೆ. ಅವರ ಲೇಖನಗಳನ್ನು ಓದಿ ತರಗತಿಯಲ್ಲಿ ಉದಾಹರಿಸಿದ್ದ ನನಗೆ ಅವರ ಮೇಲೆ ಬಹಳ ಭರವಸೆಯಿತ್ತು. ನಿಮ್ಮ ಪತ್ರ ತಲುಪಿದೆ, ಸಂಬಂಧಪಟ್ಟ ವಿಭಾಗಕ್ಕೆ ಕಳುಹಿಸಲಾಗಿದೆ ಎಂದು ಕಚೇರಿಯಿಂದ ಎರಡು ಸಾಲು ಬಂತು. ಆಮೇಲೆ ಏನೂ ಬರಲಿಲ್ಲ. ಮಳೆಗಾಲ ಶುರುವಾಗುವ ಮುಂಚೆ ಮನೆ ಬಿತ್ತು. ಉಳಿದ ಕಟ್ಟುಗಳು ಈಗ ಆ ಹುಡುಗನ ಹೊಸ ಮನೆಯಲ್ಲಿ ಒಂದು ಟ್ರಂಕಿನೊಳಗೆ ಇವೆ. ನಾವಿಬ್ಬರು ನಿಂಬೆಹುಲ್ಲಿನ ಎಣ್ಣೆ ಸವರಿ, ಬಟ್ಟೆಯಲ್ಲಿ ಸುತ್ತಿ ಇಟ್ಟಿದ್ದೇವೆ. ನಮ್ಮಿಂದ ಆಗುವುದು ಅಷ್ಟೇ.

ಓಲೆಗರಿಗಳಲ್ಲಿ ಏನಿರಬಹುದು ಎಂದು ಕೇಳುವವರಿಗೆ ವೆಂಕಟರಾಜ ಪುಣಿಂಚಿತ್ತಾಯರ ಹೆಸರನ್ನು ನೆನಪಿಸಿದರೆ ಸಾಕು. ತುಳುವಿನಲ್ಲಿ ಹಳೆಯ ಕಾವ್ಯವೇ ಇಲ್ಲ ಎಂದು ಪಂಡಿತರು ಹೇಳುತ್ತಿದ್ದ ಕಾಲದಲ್ಲಿ, ನಮ್ಮ ಕಾಸರಗೋಡಿನವರಾದ ಅವರು ಓಲೆಗರಿಗಳಿಂದ ಶ್ರೀ ಭಾಗವತೊ, ಕಾವೇರಿ ಮುಂತಾದ ತುಳು ಕಾವ್ಯಗಳನ್ನು ಹೊರತಂದರು. ಅವರಿಗೆ ಆ ಲಿಪಿ ಬರುತ್ತಿತ್ತು, ಆ ಮನೆಗಳಿಗೆ ಹೋಗುವ ಸಲಿಗೆಯಿತ್ತು. 2012ರಲ್ಲಿ ಅವರು ತೀರಿಕೊಂಡರು. ಅನಂತಪುರದ ದೇವಸ್ಥಾನದಲ್ಲಿ ತುಳು ಶಾಸನವಿದೆ, ತಳಂಗೆರೆಯಲ್ಲಿ ಹಳಗನ್ನಡ ಶಾಸನ ಸಿಕ್ಕಿದೆ. ಕಲ್ಲಿನ ಮೇಲೆ ಇದ್ದದ್ದು ಹೇಗೋ ಉಳಿಯುತ್ತದೆ. ಓಲೆ, ಕಾಗದಕ್ಕೆ ನಮ್ಮ ಮಳೆಯಲ್ಲಿ ಅಷ್ಟು ಆಯುಸ್ಸು ಇಲ್ಲ.

ಸರಕಾರಿ ದಾಖಲೆಗಳ ಕಥೆಯೂ ಸಮಾಧಾನದ್ದಲ್ಲ. ಬೇಕಲ ಕೋಟೆಯನ್ನೇ ತೆಗೆದುಕೊಳ್ಳಿ. ಅದನ್ನು ಕಟ್ಟಿಸಿದವರು ಕೆಳದಿಯ ನಾಯಕರು. 1763ರಲ್ಲಿ ಹೈದರಾಲಿ ಅವರ ರಾಜಧಾನಿ ಬಿದನೂರನ್ನು ಗೆದ್ದ ಮೇಲೆ ಅದು ಮೈಸೂರಿಗೆ ಸೇರಿತು. 1799ರ ನಂತರ ಕಂಪೆನಿಯ ಕೆನರಾ ಜಿಲ್ಲೆಯೊಳಗೆ ಬಂತು. ಮುಂದೆ ಕೆನರಾ ಎರಡಾಗಿ 1862ರಲ್ಲಿ ಉತ್ತರ ಭಾಗ ಮುಂಬಯಿಗೆ ಹೋಯಿತು, ನಾವು ದಕ್ಷಿಣ ಕನ್ನಡವೆಂದು ಮದರಾಸಿನಲ್ಲಿ ಉಳಿದೆವು. 1956ರ ನವೆಂಬರ್ 1ರಂದು ಕೇರಳಕ್ಕೆ ಸೇರಿದೆವು. ಬಹುಕಾಲ ಕಣ್ಣೂರು ಜಿಲ್ಲೆಯ ಭಾಗವಾಗಿದ್ದು 1984ರ ಮೇ 24ರಂದು ಬೇರೆ ಜಿಲ್ಲೆಯಾದೆವು. ಪ್ರತಿಯೊಂದು ಸಲ ಗೆರೆ ಬದಲಾದಾಗಲೂ ಕಾಗದಗಳು ಬೇರೆ ಕಡೆ ಹೋದವು, ಇಲ್ಲವೇ ಹೋಗದೆ ಎಲ್ಲೋ ಉಳಿದವು. ನಮ್ಮ ತಾಲೂಕಿನ ಹತ್ತೊಂಬತ್ತನೆಯ ಶತಮಾನದ ಸಂಗತಿ ಬೇಕಾದವರು ಚೆನ್ನೈ ಎಗ್ಮೋರಿನ ಪತ್ರಾಗಾರದಲ್ಲಿರುವ ದಕ್ಷಿಣ ಕನ್ನಡ ಜಿಲ್ಲಾ ದಾಖಲೆಗಳನ್ನು ನೋಡಬೇಕು. ಕಂಪೆನಿಯ ಕಾಲದ್ದು ಬೇಕಾದರೆ ಲಂಡನ್ನಿಗೆ ಕಣ್ಣು ಹಾಕಬೇಕು. ಸ್ಥಳೀಯ ಕಚೇರಿಗಳಲ್ಲಿ ಉಳಿದ ಕನ್ನಡ ಕಡತಗಳನ್ನು ತೆರೆದು ನೋಡುವ ಸಿಬ್ಬಂದಿಗೆ ಕನ್ನಡ ಓದಲು ಬಾರದು. ಅದು ಅವರ ತಪ್ಪಲ್ಲ. ಆದರೆ ಓದಲು ಬಾರದ ಕಡತಕ್ಕೆ ಗತಿ ಏನೆಂದು ನಿಮಗೆ ನಾನು ಹೇಳಬೇಕೇ?

ನನ್ನ ಇನ್ನೊಬ್ಬ ಶಿಷ್ಯೆಯ ವಿಷಯ ಹೇಳದೆ ಇರಲಾರೆ. ಕುಂಬಳೆ ಸೀಮೆಯ ಗೇಣಿ ಪದ್ಧತಿಯ ಬಗ್ಗೆ ಪಿಎಚ್.ಡಿ. ಮಾಡಬೇಕೆಂದು ಹೊರಟವಳು. ಒಂದು ಕಡೆ ಮಾರ್ಗದರ್ಶಕರು ಒಳ್ಳೆಯವರು, ಆದರೆ ಅವಳು ತಂದ ಕನ್ನಡ ದಾಖಲೆಯನ್ನು ಓದಿ ಸರಿಯೋ ತಪ್ಪೋ ಎಂದು ಹೇಳಲು ಅವರಿಗೆ ಸಾಧ್ಯವಿರಲಿಲ್ಲ. ಇನ್ನೊಂದು ಕಡೆ ಓದಬಲ್ಲವರಿದ್ದರು, ಆದರೆ ನಿನ್ನ ವಿಷಯ ಕೇರಳದ್ದಲ್ಲವೇ ಎಂಬ ಪ್ರಶ್ನೆ ಬಂತು, ಅರ್ಹತಾ ಪತ್ರದ ಓಡಾಟ ಬಂತು. ಎರಡರ ನಡುವೆ ಅವಳ ಉತ್ಸಾಹ ಕರಗಿತು. ಈಗ ಒಂದು ಖಾಸಗಿ ಶಾಲೆಯಲ್ಲಿ ಪಾಠ ಮಾಡುತ್ತಿದ್ದಾಳೆ, ಚೆನ್ನಾಗಿಯೇ ಮಾಡುತ್ತಿದ್ದಾಳೆ. ಆದರೆ ಅವಳು ಬರೆಯಬೇಕಾಗಿದ್ದ ಪ್ರಬಂಧವನ್ನು ಬರೆಯಬಲ್ಲ ಇನ್ನೊಬ್ಬರು ಸದ್ಯ ನನ್ನ ಕಣ್ಣಿಗೆ ಬೀಳುತ್ತಿಲ್ಲ. ತುಳು ಮಾತಾಡುವ, ಕನ್ನಡ ಓದುವ, ಮಲೆಯಾಳದಲ್ಲಿ ಕಚೇರಿ ವ್ಯವಹಾರ ಮಾಡಬಲ್ಲ ಹುಡುಗಿ ಅವಳು. ಗಡಿನಾಡಿನ ಇತಿಹಾಸಕ್ಕೆ ಅದಕ್ಕಿಂತ ಹೆಚ್ಚಿನ ಯೋಗ್ಯತೆ ಯಾವುದು?

ಮಾತುಗಳ ದಾಖಲೆಯ ವಿಷಯಕ್ಕೂ ಬರುತ್ತೇನೆ. ಗೋವಾ ಹೋರಾಟದ ಇಪ್ಪತ್ತೈದನೆಯ ವರ್ಷದಲ್ಲಿ ಒಬ್ಬ ಕುಲಪತಿ ಮಾಡಿದ್ದನ್ನು ಮೇಲೆ ಹೇಳಿದೆ. ಕಾಸರಗೋಡು ಕೇರಳಕ್ಕೆ ಸೇರಿ ಇಪ್ಪತ್ತೈದಾಗಿ, ಐವತ್ತಾಗಿ, ಈಗ ಎಪ್ಪತ್ತರ ಹತ್ತಿರ ಬಂದಿದೆ. 1967ರಲ್ಲಿ ರಾಜ್ಯಗಳ ಗಡಿ ವಿವಾದವನ್ನು ಪರಿಶೀಲಿಸಿದ ಮಹಾಜನ ಆಯೋಗ ಚಂದ್ರಗಿರಿಯ ಉತ್ತರದ ಭಾಗ ಕರ್ನಾಟಕಕ್ಕೆ ಸೇರಬೇಕೆಂದು ವರದಿ ಕೊಟ್ಟದ್ದನ್ನು, ಅದರ ಮುಂದಿನ ನಿರೀಕ್ಷೆ ನಿರಾಸೆಗಳನ್ನು ಕಂಡ ತಲೆಮಾರು ಈಗ ಇಳಿವಯಸ್ಸಿನಲ್ಲಿದೆ. ಕಾಸರಗೋಡು ಕರ್ನಾಟಕಕ್ಕೆ ಸೇರಬೇಕೆಂದು ಹೋರಾಡಿದ ಕವಿ ಕಯ್ಯಾರ ಕಿಞ್ಞಣ್ಣ ರೈಗಳು ನೂರು ದಾಟಿ 2015ರಲ್ಲಿ ಹೋದರು. ಅವರು ಬರೆದಿಟ್ಟರು, ಆದ್ದರಿಂದ ಅವರ ಮಾತು ಉಳಿಯಿತು. ಅವರ ಹಿಂದೆ ನಡೆದ ಅಧ್ಯಾಪಕರು, ಬೀಡಿ ಕಟ್ಟುವವರು, ಮನೆಯೊಳಗಿದ್ದು ಎಲ್ಲವನ್ನೂ ಕೇಳಿಸಿಕೊಂಡ ಹೆಂಗಸರು ಬರೆದಿಡಲಿಲ್ಲ. ಅವರ ಜೊತೆಗೇ, ಕೇರಳದಲ್ಲಿ ಇರುವುದೇ ಸರಿಯೆಂದು ನಂಬಿದವರೂ ನಮ್ಮ ನೆರೆಕರೆಯಲ್ಲಿದ್ದಾರೆ. ಅವರ ಮಾತೂ ದಾಖಲಾಗಬೇಕು. ಇತಿಹಾಸಕಾರ ಎರಡೂ ಕಡೆ ಕೇಳುತ್ತಾನೆ ಎಂಬ ಭರವಸೆಯಿಂದಲೇ ಇದನ್ನು ರಾಜಕೀಯದವರ ಬಳಿ ಕೇಳದೆ ನಿಮ್ಮ ಬಳಿ ಕೇಳುತ್ತಿದ್ದೇನೆ. ವಿಶ್ವವಿದ್ಯಾನಿಲಯವೊಂದು ಕ್ರಮವಾಗಿ ಧ್ವನಿಮುದ್ರಣ ಮಾಡಿ ಇಟ್ಟ ಇಂಥ ಸಂಗ್ರಹವನ್ನು ನಾನು ಈವರೆಗೆ ಕಂಡಿಲ್ಲ.

ನಿಮ್ಮ ಕಷ್ಟ ನನಗೆ ತಿಳಿಯದ್ದಲ್ಲ. ಕುಲಪತಿಯ ಅವಧಿ ನಾಲ್ಕು ವರ್ಷ. ಮೊದಲ ವರ್ಷ ಹಿಂದಿನವರು ಬಿಟ್ಟುಹೋದದ್ದನ್ನು ಸರಿಪಡಿಸುವುದರಲ್ಲಿ, ಕೊನೆಯ ವರ್ಷ ಮುಂದಿನ ನೇಮಕದ ಗಲಾಟೆಯಲ್ಲಿ ಕಳೆಯುತ್ತದೆ. ನಡುವೆ ಪರೀಕ್ಷೆ, ಪಿಂಚಣಿ, ಖಾಲಿ ಹುದ್ದೆ, ಮುಷ್ಕರ, ನ್ಯಾಯಾಲಯ. 2019ರ ಡಿಸೆಂಬರಿನಲ್ಲಿ ಭಾರತೀಯ ಇತಿಹಾಸ ಕಾಂಗ್ರೆಸ್ ನಮ್ಮ ಪಕ್ಕದ ಕಣ್ಣೂರು ವಿಶ್ವವಿದ್ಯಾನಿಲಯದಲ್ಲಿ ನಡೆದಾಗ ಸುದ್ದಿಯಾದದ್ದು ಅಲ್ಲಿ ಮಂಡನೆಯಾದ ಪ್ರಬಂಧಗಳಲ್ಲ, ಉದ್ಘಾಟನೆಯ ವೇದಿಕೆಯಲ್ಲಿ ಆದ ಜಟಾಪಟಿ. ಅದೇ ವಿಶ್ವವಿದ್ಯಾನಿಲಯದಲ್ಲಿ ಕುಲಪತಿಯಾಗಿದ್ದ ಇತಿಹಾಸ ಪ್ರಾಧ್ಯಾಪಕರೊಬ್ಬರ ಮರುನೇಮಕವನ್ನು 2023ರ ನವೆಂಬರ್ 30ರಂದು ಸುಪ್ರೀಂ ಕೋರ್ಟ್ ರದ್ದುಪಡಿಸಿತು. ನೇಮಕದ ಅಧಿಕಾರವಿದ್ದ ಕುಲಾಧಿಪತಿಗಳು, ಎಂದರೆ ರಾಜ್ಯಪಾಲರು, ಸ್ವತಂತ್ರವಾಗಿ ನಿರ್ಧರಿಸಲಿಲ್ಲ, ಹೊರಗಿನ ಪ್ರಭಾವಕ್ಕೆ ಒಳಗಾದರು ಎಂಬುದು ನ್ಯಾಯಾಲಯದ ಅಭಿಪ್ರಾಯವಾಗಿತ್ತು. ಸರಕಾರ, ರಾಜಭವನ, ನ್ಯಾಯಾಲಯ ಈ ಮೂರರ ನಡುವೆ ಕುಲಪತಿ ಪೀಠ ಇಂದು ಎಷ್ಟು ಎಳೆದಾಟಕ್ಕೆ ಸಿಕ್ಕಿದೆ ಎಂಬುದನ್ನು ಪತ್ರಿಕೆ ಓದುವ ಯಾರಾದರೂ ಬಲ್ಲರು. ಹಾಗಿರುವಾಗ ಓಲೆಗರಿಯ ಮಾತು ಎತ್ತುವುದು ಹೊತ್ತಲ್ಲದ ಹೊತ್ತಿನ ಮಾತೆಂದು ನಿಮಗೆ ಅನ್ನಿಸಬಹುದು.

ಆದರೆ ನಾನು ಕೇಳುತ್ತಿರುವುದಕ್ಕೆ ಕೋಟಿಗಟ್ಟಲೆ ಹಣವೂ ಬೇಡ, ಹೊಸ ಕಾನೂನೂ ಬೇಡ. ಹಸ್ತಪ್ರತಿಗಳಿಗಾಗಿ ಕೇಂದ್ರ ಸರಕಾರದ ರಾಷ್ಟ್ರೀಯ ಮಿಷನ್ 2003ರಿಂದಲೇ ಇತ್ತು. 2025ರ ಬಜೆಟ್ಟಿನಲ್ಲಿ ಜ್ಞಾನ ಭಾರತಂ ಎಂಬ ಹೆಸರಿನಲ್ಲಿ ಒಂದು ಕೋಟಿಗೂ ಮಿಕ್ಕಿದ ಹಸ್ತಪ್ರತಿಗಳ ಸಮೀಕ್ಷೆ, ಸಂರಕ್ಷಣೆಯ ಯೋಜನೆ ಘೋಷಣೆಯಾಗಿದೆ. ಅದರಲ್ಲಿ ನಮ್ಮ ಪಾಲು ಕೇಳಲು ಒಂದು ಸಂಸ್ಥೆ ಮುಂದೆ ಬರಬೇಕು, ಅರ್ಜಿಗೆ ಒಬ್ಬ ಕುಲಸಚಿವರ ಸಹಿ ಬೇಕು. ಗುತ್ತಿನ ಮನೆಯ ಹುಡುಗನೋ ನಿವೃತ್ತ ಮಾಸ್ತರನೋ ಆ ಅರ್ಜಿ ಹಾಕಿದರೆ ನಡೆಯುವುದಿಲ್ಲ. ಸಂಶೋಧನೆಗೆ ಬೇರೆ ಸಂಸ್ಥೆಯಿಂದ ಸಹ ಮಾರ್ಗದರ್ಶಕರನ್ನು ಪಡೆಯಲು ಯುಜಿಸಿಯ 2022ರ ಪಿಎಚ್.ಡಿ. ನಿಯಮಗಳು ಅವಕಾಶ ಕೊಡುತ್ತವೆ. ತುಳು ಲಿಪಿಗೆ 2024ರಲ್ಲಿ ಯೂನಿಕೋಡಿನಲ್ಲಿ ತುಳು-ತಿಗಳಾರಿ ಎಂಬ ಹೆಸರಿನಲ್ಲಿ ಜಾಗ ಸಿಕ್ಕಿದೆ. ಓದಿದ್ದನ್ನು ಕಂಪ್ಯೂಟರಿಗೆ ಏರಿಸುವ ದಾರಿ ತೆರೆದಿದೆ. ಎಲ್ಲ ಬಾಗಿಲೂ ಅರ್ಧ ತೆರೆದೇ ಇವೆ, ತಳ್ಳುವವರು ಬೇಕು.

ಆದ್ದರಿಂದ ನನ್ನ ಬೇಡಿಕೆಗಳು ಇವು. ಗಡಿಯ ಎರಡೂ ಕಡೆಯ ಇತಿಹಾಸ ಮತ್ತು ಕನ್ನಡ ವಿಭಾಗಗಳು ಒಂದು ಒಪ್ಪಂದ ಮಾಡಿಕೊಂಡು ಮಂಜೇಶ್ವರ, ಕಾಸರಗೋಡು ತಾಲೂಕುಗಳ ಖಾಸಗಿ ಮನೆ, ದೇವಸ್ಥಾನ, ಮಸೀದಿ, ಬಸದಿ, ಶಾಲೆಗಳಲ್ಲಿರುವ ಹಳೆಯ ದಾಖಲೆಗಳ ಸಮೀಕ್ಷೆ ಶುರು ಮಾಡಲಿ. ಕಾಗದವನ್ನು ಯಾರೂ ಮನೆಯಿಂದ ಒಯ್ಯಬೇಕಾಗಿಲ್ಲ. ಇದ್ದಲ್ಲಿಯೇ ಶುಚಿಮಾಡಿ, ಚಿತ್ರ ತೆಗೆದು, ಪಟ್ಟಿ ಬರೆದು ಮನೆಯವರ ಕೈಗೇ ಹಿಂದೆ ಕೊಡಲಿ. ಇದು ಬಹಳ ಮುಖ್ಯ, ಏಕೆಂದರೆ ಹಿಂದೆ ಯಾರೋ ಬಂದು ಓಲೆ ಒಯ್ದು ಮತ್ತೆ ಮುಖ ತೋರಿಸಲಿಲ್ಲ ಎಂಬ ಮಾತು ನಮ್ಮಲ್ಲಿ ಹಲವು ಮನೆಗಳಲ್ಲಿ ಉಂಟು. ಹಾಗಾಗಿ ಹೊಸಬರು ಹೋದರೆ ಪೆಟ್ಟಿಗೆ ತೆರೆಯುವುದಿಲ್ಲ. ಊರಿನವರು ಒಬ್ಬರು ಜೊತೆಗಿರಬೇಕು.

ಎರಡನೆಯದಾಗಿ, ಹಳೆಯ ಕನ್ನಡ ಕೈಬರಹ ಮತ್ತು ತುಳು ಲಿಪಿ ಓದಲು ಕಲಿಸುವ ಒಂದು ಸರ್ಟಿಫಿಕೇಟ್ ತರಗತಿ ಬೇಕು. ಅದನ್ನು ಕಾಸರಗೋಡಿನಲ್ಲೇ, ವಾರಾಂತ್ಯದಲ್ಲಿ ನಡೆಸಿ. ಪದವಿಯ ಹಂಗಿಲ್ಲದೆ, ಕೃಷಿ ಮಾಡುವವರು, ಅರ್ಚಕರು, ಶಿಕ್ಷಕರು ಯಾರು ಬೇಕಾದರೂ ಸೇರುವಂತಿರಲಿ. ಓದಬಲ್ಲ ಹಿರಿಯರನ್ನು ಗೌರವಧನ ಕೊಟ್ಟು ಅಧ್ಯಾಪಕರನ್ನಾಗಿ ಕರೆಯಿರಿ. ಅವರಿಗೆ ಪದವಿ ಇರಲಿಕ್ಕಿಲ್ಲ, ನಿಯಮ ಅಡ್ಡಬರಬಹುದು. ಆ ನಿಯಮವನ್ನು ಸಡಿಲಿಸುವುದು ಹೇಗೆಂದು ಸಿಂಡಿಕೇಟಿನಲ್ಲಿ ಕೂತವರಿಗೆ ಗೊತ್ತಿರುತ್ತದೆ.

ಮೂರನೆಯದು ಪಿಎಚ್.ಡಿ.ಯದ್ದು. ಗಡಿನಾಡಿನ ವಿಷಯ ತೆಗೆದುಕೊಳ್ಳುವ ವಿದ್ಯಾರ್ಥಿಗೆ ಒಬ್ಬ ಮಾರ್ಗದರ್ಶಕರು ಈ ಕಡೆಯಿಂದ, ಸಹ ಮಾರ್ಗದರ್ಶಕರು ಆ ಕಡೆಯಿಂದ ಇರಲಿ. ದಾಖಲೆಯನ್ನು ಮೂಲ ಭಾಷೆಯಲ್ಲಿ ಓದಬಲ್ಲವರು ಇವರಿಬ್ಬರಲ್ಲಿ ಒಬ್ಬರಾದರೂ ಆಗಿರಲಿ. ಪ್ರಬಂಧವನ್ನು ಕನ್ನಡದಲ್ಲೇ ಬರೆಯುವ ಅವಕಾಶವೂ ಇರಲಿ. ನನ್ನ ಶಿಷ್ಯೆಯಂಥವರು ಇನ್ನೂ ಇದ್ದಾರೆ.

ಮಾತುಗಳ ಸಂಗ್ರಹಕ್ಕೆ ತಡಮಾಡಬೇಡಿ. ಉಳಿದದ್ದೆಲ್ಲ ಮುಂದಿನ ವರ್ಷಕ್ಕೆ ಹೋದರೂ ನಡೆದೀತು, ಇದು ಹೋಗಬಾರದು. ಒಂದು ಒಳ್ಳೆಯ ಧ್ವನಿಮುದ್ರಕ, ಕನ್ನಡ, ತುಳು, ಮಲೆಯಾಳ, ಬ್ಯಾರಿ, ಕೊಂಕಣಿ ತಿಳಿದ ನಾಲ್ಕೈದು ಮಂದಿ ಯುವಕ ಯುವತಿಯರು ಸಾಕು. ಯಾರ ಮನೆಗೆ ಹೋಗಬೇಕು, ಯಾರಿಗೆ ಬೆಳಿಗ್ಗೆ ಮಾತಾಡುವ ಶಕ್ತಿ ಇರುತ್ತದೆ, ಯಾರಿಗೆ ಸಂಜೆ ಎಂಬುದೆಲ್ಲ ನಮಗೆ ಗೊತ್ತುಂಟು.

ಇದರ ಜೊತೆಗೆ ವೈಯಕ್ತಿಕವಾದ ಒಂದು ಮಾತು. ಶೇಖ್ ಅಲಿಯವರ ಮೊದಲ ಐದು ವರ್ಷಗಳ ಕೊಣಾಜೆಯ ಕಥೆಯನ್ನು ಸಿಂಡಿಕೇಟಿನ ನಡವಳಿಗಳು, ಪತ್ರವ್ಯವಹಾರ, ಆಗಿನ ನೌಕರರ ನೆನಪು ಇವುಗಳಿಂದ ಯಾರಾದರೂ ವಿದ್ಯಾರ್ಥಿ ಬರೆಯಬೇಕು. ಒಬ್ಬ ಇತಿಹಾಸಕಾರ ಸಂಸ್ಥೆ ಕಟ್ಟಿದ ಬಗೆಯನ್ನು ಹೊಗಳಿಕೆಯ ಭಾಷಣವಾಗಿ ಅಲ್ಲ, ಅವರೇ ಕಲಿಸಿದ ವಿಧಾನದಲ್ಲಿ, ಆಕರ ತೋರಿಸಿ ಬರೆಯಬೇಕು. ನೀವೂ ನಿಮ್ಮ ಆಡಳಿತದ ಕಾಗದಗಳನ್ನು ನಿವೃತ್ತಿಯ ದಿನ ಮೂಟೆ ಕಟ್ಟಿ ಮನೆಗೆ ಒಯ್ಯದೆ, ಎಸೆಯದೆ, ಪಟ್ಟಿ ಮಾಡಿ ನಿಮ್ಮ ವಿಶ್ವವಿದ್ಯಾನಿಲಯದ ಗ್ರಂಥಾಲಯಕ್ಕೆ ಕೊಡಿ.

ಈ ಪತ್ರಕ್ಕೆ ಉತ್ತರ ಕೊಡಲೇಬೇಕೆಂದು ನಾನು ಒತ್ತಾಯಿಸುವ ಸ್ಥಾನದಲ್ಲಿಲ್ಲ. ಆದರೆ ನಿಮ್ಮಲ್ಲಿ ಒಬ್ಬರು ಮನಸ್ಸು ಮಾಡಿ ಒಂದು ತಂಡ ಕಳುಹಿಸುವುದಾದರೆ ಉಳಿದುಕೊಳ್ಳಲು ಜಾಗ, ಊಟ, ಜೊತೆಗೆ ಬರುವ ಜನ ಇವುಗಳ ಹೊಣೆ ನಮ್ಮ ಕಡೆಯ ಅಧ್ಯಾಪಕರದ್ದು. ಯಾವ ಮನೆಗಳಲ್ಲಿ ಏನಿದೆ ಎಂಬ ಪಟ್ಟಿಯೊಂದನ್ನು ನಾವು ಕೆಲವರು ಸೇರಿ ಬರೆದಿಟ್ಟಿದ್ದೇವೆ. ಮನೆಯವರ ಒಪ್ಪಿಗೆಯನ್ನೂ ಕೇಳಿಟ್ಟಿದ್ದೇವೆ. ಎಡವಪಾತಿಗೆ, ಎಂದರೆ ಮೇ ಕೊನೆ ಜೂನ್ ಮೊದಲಿಗೆ, ಮಳೆ ಹಿಡಿಯುತ್ತದೆ, ಅದಕ್ಕೆ ಮುಂಚೆ ಬಂದರೆ ಬಿಸಿಲಿರುವಾಗಲೇ ಓಲೆಗಳನ್ನು ನೆರಳಿನಲ್ಲಿ ಬಿಚ್ಚಬಹುದು.

ಇತಿ ತಮ್ಮ ವಿಶ್ವಾಸಿ,
ಕುಂಬಳೆ ಸೀಮೆಯ ನಿವೃತ್ತ ಇತಿಹಾಸ ಅಧ್ಯಾಪಕ